ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಹಬ್‌ಗೆ ಇಲ್ಲ

ಮಹಿಷಾಸುರ ಬರುವ ಹೊತ್ತು. ಕಾಪು ಕಡೆಯ ಒಂದು ಹಳ್ಳಿ, ಕೊಯ್ಲು ಮುಗಿದ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟ. ಚೆಂಡೆ ಏರುತ್ತಾ ಇತ್ತು. ದೊಂದಿ ಹಿಡಿದವರು ಜನರ ಮಧ್ಯದಿಂದ ದಾರಿ ಬಿಡಿಸಿಕೊಂಡು ಬರುತ್ತಿದ್ದರು, ರಾಳದ ಪುಡಿ ಎರಚಿದಾಗಲೆಲ್ಲ ಇಡೀ ಗದ್ದೆ ಒಮ್ಮೆ ಹಗಲಾಗಿ ಮತ್ತೆ ಕತ್ತಲೆಯಾಗುತ್ತಿತ್ತು. ನಾನು ರಂಗಸ್ಥಳದ ಪಕ್ಕ ಒಂದು ಪ್ಲಾಸ್ಟಿಕ್ ಮೇಜಿನ ಮುಂದೆ ಕೂತು, ಆಟವನ್ನು ಇಂಟರ್‌ನೆಟ್‌ನಲ್ಲಿ ನೇರ ತೋರಿಸುವ ಲೈವ್ ನೋಡಿಕೊಳ್ಳುತ್ತಿದ್ದೆ. ಮಹಿಷನನ್ನು ಹತ್ತಿರದಿಂದ ನೋಡಬೇಕು ಅಂತ ಓಡಿದ ಹುಡುಗನೊಬ್ಬನ ಕಾಲಿಗೆ ವಯರು ಸಿಕ್ಕಿಕೊಂಡಿತು. ಎಕ್ಸ್‌ಟೆನ್ಶನ್ ಬೋರ್ಡಿನಿಂದ ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬಂತು.

ಬಂದರೆ ಬರಲಿ, ಅಲ್ವಾ? ಲ್ಯಾಪ್‌ಟಾಪ್ ಅಂದರೆ ಬ್ಯಾಟರಿ ಇರುವ ಯಂತ್ರ. ನನ್ನದರಲ್ಲಿ ಆಗ ಶೇಕಡಾ 80ರಷ್ಟು ಚಾರ್ಜ್ ಇತ್ತು. ಪರದೆ ಮಿಟುಕಲೂ ಇಲ್ಲ. ಆದರೆ ಲೈವ್ ಹೋಯಿತು. ಕ್ಯಾಮೆರಾದ ಚಿತ್ರ ಕಪ್ಪಾಯಿತು, ಮಿಕ್ಸರಿನಿಂದ ಬರುತ್ತಿದ್ದ ಭಾಗವತರ ಸ್ವರ ನಿಂತಿತು, ರೆಕಾರ್ಡಿಂಗ್ ಆಗುತ್ತಿದ್ದ ಹಾರ್ಡ್ ಡಿಸ್ಕ್ ಕಾಣೆಯಾಯಿತು. ಮೂರೂ ಒಟ್ಟಿಗೆ. ಒಂದೊಂದನ್ನೇ ಹುಡುಕಿ ಜೋಡಿಸಿ ಮತ್ತೆ ಲೈವ್ ಎಬ್ಬಿಸುವಾಗ ನಾಲ್ಕು ನಿಮಿಷ ಕಳೆದಿತ್ತು. ಅಷ್ಟರಲ್ಲಿ ಮಹಿಷ ರಂಗಸ್ಥಳ ಹತ್ತಿ ಆಗಿತ್ತು. ಮಸ್ಕತ್‌ನಲ್ಲಿರುವ ಚಿಕ್ಕಮ್ಮನ ಮಗ ಫೋನ್ ಮಾಡಿದ. “ಎಂತ ಅಣ್ಣಾ, ಅಲ್ಲಿ ಕರೆಂಟ್ ಹೋಯ್ತಾ?” ಹರಕೆ ಹೊತ್ತ ಮನೆಯ ಯಜಮಾನರು ಹತ್ತಿರ ಬಂದು, “ಪರವಾಗಿಲ್ಲ ಮಾರಾಯ್ರೆ, ಮಿಶನ್ ಅಲ್ವಾ” ಅಂದರು. ಅವರ ಮಗಳು ದುಬೈಯಲ್ಲಿ ನಿದ್ದೆಗೆಟ್ಟು ಕೂತದ್ದು ಆ ಒಂದು ಪ್ರವೇಶಕ್ಕಾಗಿಯೇ ಅಂತ ನನಗೆ ಗೊತ್ತಿತ್ತು. ಈಗಲೂ ನೆನಪಾದರೆ ಬೇಜಾರಾಗುತ್ತದೆ.

ಮಂಗಳೂರಿನ ಮನೆಗೆ ಬಂದ ಮೇಲೆ ಅದೇ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿ, ಬೇಕಂತಲೇ ಚಾರ್ಜರ್ ಎಳೆದು ಎಳೆದು ನೋಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಎರಡೇ ಟೈಪ್ ಸಿ ಪೋರ್ಟ್. ಒಂದಕ್ಕೆ ಇಂಟರ್‌ನೆಟ್‌ಗೆಂದು ಫೋನ್ ಹಾಕಿದ್ದೆ. ಇನ್ನೊಂದಕ್ಕೆ ಹಬ್, ಅಂದರೆ ಒಂದು ಪೋರ್ಟಿನಿಂದ ಹಲವು ಪೋರ್ಟ್ ಮಾಡಿಕೊಡುವ ಸಣ್ಣ ಡಬ್ಬಿ. ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪಿಗೆ ತರುವ ಕ್ಯಾಪ್ಚರ್ ಕಾರ್ಡ್, ಆಡಿಯೊ, ಹಾರ್ಡ್ ಡಿಸ್ಕ್, ಕೊನೆಗೆ ಚಾರ್ಜರ್ ಕೂಡ ಆ ಹಬ್‌ಗೇ. ಚಾರ್ಜರ್ ಇರುವಷ್ಟು ಹೊತ್ತು ಹಬ್ ಅದರಿಂದ ಕರೆಂಟ್ ತೆಗೆದುಕೊಂಡು ತಾನೂ ಉಪಯೋಗಿಸಿ ಲ್ಯಾಪ್‌ಟಾಪಿಗೂ ಕೊಡುತ್ತದೆ. ಚಾರ್ಜರ್ ಹೋದ ಕೂಡಲೇ ಎಲ್ಲ ಉಲ್ಟಾ ಆಗಬೇಕು. ಈಗ ಕೊಡುವುದು ಲ್ಯಾಪ್‌ಟಾಪ್, ತೆಗೆದುಕೊಳ್ಳುವುದು ಹಬ್. ಯಾರು ಕೊಡುವವರು, ಯಾರು ತೆಗೆದುಕೊಳ್ಳುವವರು, ಎಷ್ಟು ವೋಲ್ಟ್ ಅಂತ ಎರಡು ಕಡೆಯ ಚಿಪ್‌ಗಳು ಮತ್ತೆ ಮಾತಾಡಿ ಒಪ್ಪಂದಕ್ಕೆ ಬರಬೇಕು. ಒಳ್ಳೆಯ ಹಬ್ ಇದನ್ನು ನಮಗೆ ಗೊತ್ತೇ ಆಗದ ಹಾಗೆ ಮುಗಿಸುತ್ತದೆ. ಆದರೆ ಎಷ್ಟೋ ಹಬ್‌ಗಳಲ್ಲಿ ಆ ಒಂದು ಕ್ಷಣ ಕರೆಂಟ್ ಕಡಿದು, ಅದಕ್ಕೆ ಸಿಕ್ಕಿಸಿದ್ದೆಲ್ಲ ಬಿಟ್ಟು ಹೋಗಿ ಮತ್ತೆ ಹೊಸದಾಗಿ ಬಂದು ಸೇರುತ್ತವೆ. ನನ್ನದು ಅಂಥದ್ದು.

ಲ್ಯಾಪ್‌ಟಾಪಿನ ಮೈಯಲ್ಲೇ ಇರುವ ಪೋರ್ಟಿಗೆ ಈ ತಾಪತ್ರಯ ಇಲ್ಲ. ಅದಕ್ಕೆ ಕರೆಂಟ್ ಬರುವುದು ಒಳಗಿನ ಮದರ್‌ಬೋರ್ಡಿನಿಂದ. ಗೋಡೆಯ ಕರೆಂಟ್ ಹೋದರೆ ಮದರ್‌ಬೋರ್ಡ್ ಬ್ಯಾಟರಿಗೆ ಹೋಗುತ್ತದೆ, ಪೋರ್ಟಿಗೆ ವಿಷಯವೇ ತಿಳಿಯುವುದಿಲ್ಲ. ಕರಾವಳಿಯಲ್ಲಿ ಇರುವ ನಮಗೆ ಇದು ಸಣ್ಣ ಸಂಗತಿಯಲ್ಲ. ಜೂನ್ ಬಂತೆಂದರೆ ಗಾಳಿಗೆ ಒಂದು ಗೆಲ್ಲು ಲೈನಿನ ಮೇಲೆ ಬಿದ್ದರೆ ಸಾಕು, ಕರೆಂಟ್ ಹೋಗುವುದು, ಬರುವುದು, ಮತ್ತೆ ಹೋಗುವುದು. ಅಂಥ ಊರಿನಲ್ಲಿ ಲ್ಯಾಪ್‌ಟಾಪ್ ತೆಗೆದುಕೊಳ್ಳುವ ಒಂದು ದೊಡ್ಡ ಕಾರಣವೇ ಬ್ಯಾಟರಿ. ಅದಕ್ಕೆ ದುಡ್ಡು ಕೊಟ್ಟು, ಆಮೇಲೆ ಎಲ್ಲವನ್ನೂ ಒಂದು ಹಬ್‌ಗೆ ನೇತುಹಾಕಿದರೆ ಆ ಬ್ಯಾಟರಿಯ ಅರ್ಧ ಪ್ರಯೋಜನ ಹೋದ ಹಾಗೆ.

ಹಾಗಾದರೆ ಪೋರ್ಟ್‌ಗಳನ್ನು ಯಾಕೆ ತೆಗೆದರು? ತೆಳು ಮಾಡಲು ಅಂತ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಸತ್ಯ ಸ್ವಲ್ಪ ಇದೆ. ಇಂಟರ್‌ನೆಟ್ ತರುವ ಲ್ಯಾನ್ ಕೇಬಲಿನ ಪಿನ್ನು ದಪ್ಪ, ಇವತ್ತಿನ ಲ್ಯಾಪ್‌ಟಾಪಿನ ಅಂಚಿನಲ್ಲಿ ಅದು ಕೂರುವುದಿಲ್ಲ. ಅದಕ್ಕೇ ಕೆಲವು ಕಂಪನಿಗಳು ಬಾಯಿ ತೆರೆಯುವ ಹಾಗಿನ ಮಡಿಚುವ ಪೋರ್ಟ್ ಇಟ್ಟವು. ಆದರೆ ಆಪಲ್‌ನ ಕತೆ ನೋಡಿ. 2008ರ ಮ್ಯಾಕ್‌ಬುಕ್ ಏರ್‌ನಲ್ಲಿ ಒಂದೇ ಯುಎಸ್‌ಬಿ ಇತ್ತು, ಲ್ಯಾನ್ ಇರಲಿಲ್ಲ. 2015ರ 12 ಇಂಚಿನ ಮ್ಯಾಕ್‌ಬುಕ್‌ನಲ್ಲಿ ಒಂದು ಟೈಪ್ ಸಿ, ಒಂದು ಹೆಡ್‌ಫೋನ್ ತೂತು, ಅಷ್ಟೇ. ಇವೆರಡು ಹಗುರ ಬೇಕು ಅನ್ನುವವರಿಗೆ ಮಾಡಿದ್ದು, ಇರಲಿ. 2016ರಲ್ಲಿ ವೃತ್ತಿಪರರಿಗೆಂದೇ ಮಾಡುವ ಮ್ಯಾಕ್‌ಬುಕ್ ಪ್ರೋದಿಂದಲೂ ಎಚ್‌ಡಿಎಂಐ, ಎಸ್‌ಡಿ ಕಾರ್ಡ್, ಪೆನ್ ಡ್ರೈವ್ ಹಾಕುವ ದೊಡ್ಡ ಯುಎಸ್‌ಬಿ, ಆಯಸ್ಕಾಂತದ ಚಾರ್ಜರ್ ಎಲ್ಲವನ್ನೂ ತೆಗೆದರು. ಜನ ಎಷ್ಟು ಸಿಟ್ಟಾದರು ಅಂದರೆ, ಮಾರಾಟ ಶುರುವಾದ ಹೊಸತರಲ್ಲೇ ಆಪಲ್ ಆ ವರ್ಷದ ಕೊನೆಯವರೆಗೆ ಅಡಾಪ್ಟರ್‌ಗಳ ಬೆಲೆ ಇಳಿಸಬೇಕಾಯಿತು. 19 ಡಾಲರಿನ ಯುಎಸ್‌ಬಿ ಅಡಾಪ್ಟರ್ 9 ಡಾಲರಿಗೆ ಬಂತು. ಐದು ವರ್ಷದ ನಂತರ, 2021ರಲ್ಲಿ, ಎಚ್‌ಡಿಎಂಐ, ಎಸ್‌ಡಿ ಕಾರ್ಡ್, ಆಯಸ್ಕಾಂತದ ಚಾರ್ಜರ್ ಮೂರೂ ವಾಪಸ್ ಬಂದವು.

ಈಗ ದಪ್ಪದ ಲೆಕ್ಕ ನೋಡಿ. ಎಲ್ಲ ತೆಗೆದ 2016ರ 13 ಇಂಚಿನ ಮಾಡೆಲ್ 14.9 ಮಿಲಿಮೀಟರ್. ಆ ಮೂರನ್ನು ವಾಪಸ್ ಕೊಟ್ಟ 2021ರ 14 ಇಂಚಿನದ್ದು 15.5 ಮಿಲಿಮೀಟರ್. ವ್ಯತ್ಯಾಸ 0.6 ಮಿಲಿಮೀಟರ್. ಇಷ್ಟಕ್ಕಾಗಿ ಐದು ವರ್ಷ ಫೋಟೊಗ್ರಾಫರ್‌ಗಳು, ಎಡಿಟರ್‌ಗಳು ಬ್ಯಾಗಿನಲ್ಲಿ ಅಡಾಪ್ಟರಿನ ಬಾಲ ಇಟ್ಟುಕೊಂಡು ತಿರುಗಿದರು. ಎಚ್‌ಡಿಎಂಐ, ಎಸ್‌ಡಿ ಮಟ್ಟಿಗೆ ತೆಳು ಅನ್ನುವ ಕಾರಣ ನಿಲ್ಲುವುದಿಲ್ಲ ಅಂತ ನನ್ನ ಅಭಿಪ್ರಾಯ. ಪೋರ್ಟ್ ಕಡಿಮೆ ಮಾಡಿದರೆ ಮಾಡುವವರಿಗೆ ಖರ್ಚು ಕಡಿಮೆ, ಬಿಡಿಭಾಗ ಕಡಿಮೆ. ಆ ಖರ್ಚು ನಮ್ಮ ತಲೆಗೆ ಬರುತ್ತದೆ. ಒಂದು ಸುಮಾರಾದ ಹಬ್ ಬೇಕಿದ್ದರೆ ಒಂದೂವರೆ ಸಾವಿರದಿಂದ ಐದು ಸಾವಿರ ರೂಪಾಯಿ ಬೇಕು, ಕಳೆದುಹೋದರೆ ಇನ್ನೊಂದು.

ಟೈಪ್ ಸಿ ಕೆಟ್ಟದ್ದು ಅಂತ ನಾನು ಹೇಳುತ್ತಾ ಇಲ್ಲ. 2014ರಲ್ಲಿ ಅದು ಬಂದಾಗಿನಿಂದ ಉಲ್ಟಾ ಸೀದಾ ನೋಡುವ ಕೆಲಸ ತಪ್ಪಿತು. ಒಂದೇ ತೂತಿನಲ್ಲಿ ಚಾರ್ಜ್, ಫೈಲು, ಚಿತ್ರ ಮೂರೂ ಹೋಗುತ್ತವೆ. ಮೊದಲು 100 ವ್ಯಾಟ್ ತನಕ ಇದ್ದ ಚಾರ್ಜಿಂಗ್ ಮಿತಿ 2021ರಲ್ಲಿ 240 ವ್ಯಾಟ್‌ಗೆ ಏರಿತು. ಯುರೋಪಿನ ಕಾನೂನಿನ ಪ್ರಕಾರ ಅಲ್ಲಿ ಮಾರುವ ಹೊಸ ಫೋನ್‌ಗಳಿಗೆ 2024ರ ಡಿಸೆಂಬರ್ 28ರಿಂದ, ಲ್ಯಾಪ್‌ಟಾಪ್‌ಗಳಿಗೆ 2026ರ ಏಪ್ರಿಲ್ 28ರಿಂದ ಟೈಪ್ ಸಿ ಚಾರ್ಜಿಂಗ್ ಕಡ್ಡಾಯ. ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್ ಕೂಡ ಟೈಪ್ ಸಿಗೆ ಭಾರತೀಯ ಮಾನದಂಡ ತಂದಿದೆ. ನಮ್ಮ ಮನೆಯಲ್ಲಿ ಈಗ ಫೋನಿಗೆ, ಲ್ಯಾಪ್‌ಟಾಪಿಗೆ, ಅಮ್ಮನ ಟ್ಯಾಬ್‌ಗೆ ಒಂದೇ ಚಾರ್ಜರ್. ಇದು ನಿಜಕ್ಕೂ ಒಳ್ಳೆಯದು.

ಕಷ್ಟ ಇರುವುದು ಬೇರೆ ಕಡೆ. ಆಕಾರ ಒಂದೇ, ಒಳಗಿನ ಸಾಮರ್ಥ್ಯ ಹತ್ತು ನಮೂನೆ. ಒಂದು ಲ್ಯಾಪ್‌ಟಾಪಿನ ಟೈಪ್ ಸಿಯಲ್ಲಿ ಚಾರ್ಜ್ ಆಗುತ್ತದೆ, ಚಿತ್ರ ಬರುವುದಿಲ್ಲ. ಇನ್ನೊಂದರಲ್ಲಿ ಚಿತ್ರ ಬರುತ್ತದೆ, ಚಾರ್ಜ್ ಆಗುವುದಿಲ್ಲ. ಅದೇ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇರುವ ಎರಡು ಪೋರ್ಟ್‌ಗಳಲ್ಲೇ ವ್ಯತ್ಯಾಸ ಇರಬಹುದು. ಎಚ್‌ಡಿಎಂಐ ತೂತು ಕಂಡರೆ ಅದರಲ್ಲಿ ಚಿತ್ರ ಬರುತ್ತದೆ ಅಂತ ನಮ್ಮ ಅಜ್ಜಿಗೂ ಹೇಳಬಹುದು. ಟೈಪ್ ಸಿ ತೂತು ಕಂಡರೆ ಅದರಲ್ಲಿ ಏನು ಬರುತ್ತದೆ ಅಂತ ಮಾರುವ ಹುಡುಗನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಹೆಸರುಗಳಂತೂ ಇನ್ನೂ ಗೊಂದಲ. ಯುಎಸ್‌ಬಿ 3.0 ಅಂತ ಇದ್ದದ್ದೇ ಆಮೇಲೆ 3.1 ಜೆನ್ 1 ಆಯಿತು, ಮತ್ತೆ 3.2 ಜೆನ್ 1 ಆಯಿತು. ಮೂರಕ್ಕೂ ವೇಗ ಒಂದೇ, ಸೆಕೆಂಡಿಗೆ 5 ಗಿಗಾಬಿಟ್. 2022ರಲ್ಲಿ ಯುಎಸ್‌ಬಿ ಸಂಸ್ಥೆಯೇ ಇನ್ನು ವೇಗದ ಹೆಸರಿನಿಂದಲೇ ಕರೆಯಿರಿ ಅಂತ ಹೇಳಿತು. 2025ರಲ್ಲಿ ಮೈಕ್ರೋಸಾಫ್ಟ್ ಕೂಡ, ವಿಂಡೋಸ್ 11ರ ಪ್ರಮಾಣಪತ್ರ ಬೇಕಿದ್ದರೆ ಲ್ಯಾಪ್‌ಟಾಪಿನ ಟೈಪ್ ಸಿ ಪೋರ್ಟ್‌ಗಳೆಲ್ಲ ಫೈಲು, ಚಾರ್ಜ್, ಚಿತ್ರ ಮೂರನ್ನೂ ಮಾಡಬೇಕು ಅಂತ ನಿಯಮ ತಂದಿತು. ತಡವಾದರೂ ಸರಿಯಾದ ಹೆಜ್ಜೆ. ಆದರೆ ಈಗಾಗಲೇ ನಮ್ಮ ಕೈಯಲ್ಲಿ ಇರುವ ಲ್ಯಾಪ್‌ಟಾಪ್‌ಗಳಿಗೆ ಅದು ಅನ್ವಯಿಸುವುದಿಲ್ಲ.

ಹಬ್ ಒಳಗೆ ಏನಾಗುತ್ತದೆ ಅಂತ ಒಮ್ಮೆ ಅರ್ಥವಾದರೆ ಅರ್ಧ ತಲೆನೋವು ಕಡಿಮೆ. ಟೈಪ್ ಸಿಯಲ್ಲಿ 24 ಪಿನ್ ಇವೆ, ಅದರಲ್ಲಿ ವೇಗದ ದಾರಿ ನಾಲ್ಕು ಜೋಡಿ ಮಾತ್ರ. ಸಾಮಾನ್ಯ ಹಬ್‌ಗಳು ಎರಡು ಜೋಡಿಯನ್ನು ಚಿತ್ರಕ್ಕೆ, ಎರಡು ಜೋಡಿಯನ್ನು ಫೈಲುಗಳಿಗೆ ಹಂಚುತ್ತವೆ. ಚಿತ್ರ ಕಳಿಸುವ ಪದ್ಧತಿಯಾದ ಡಿಸ್‌ಪ್ಲೇಪೋರ್ಟಿನ ಹಳೆಯ 1.2 ಆವೃತ್ತಿಯ ಲೆಕ್ಕದಲ್ಲಿ ಎರಡು ಜೋಡಿಯಲ್ಲಿ 4ಕೆ ಚಿತ್ರ ಸೆಕೆಂಡಿಗೆ 60 ಸಲ ಹೋಗುವಷ್ಟು ಜಾಗ ಸಾಲದು, 30 ಸಲ ಹೋಗುತ್ತದೆ. ಅದಕ್ಕೇ ಕಡಿಮೆ ಬೆಲೆಯ ಹಬ್‌ಗಳ ಡಬ್ಬಿಯ ಮೇಲೆ ದೊಡ್ಡದಾಗಿ 4ಕೆ ಅಂತಲೂ, ಮೂಲೆಯಲ್ಲಿ ಸಣ್ಣದಾಗಿ 30 ಹರ್ಟ್ಸ್ ಅಂತಲೂ ಇರುವುದು. 30ರಲ್ಲಿ ಮೌಸ್ ಅಲ್ಲಾಡಿಸಿ ನೋಡಿ. ಬಾಣದ ಗುರುತು ಕುಂಟಿಕೊಂಡು ಹೋಗುತ್ತದೆ. ಎಡಿಟಿಂಗ್ ಮಾಡುವವರಿಗೆ ದಿನವಿಡೀ ಅದನ್ನು ನೋಡುವುದು ಹಿಂಸೆ.

ಉಳಿದ ಎರಡು ಜೋಡಿಯಲ್ಲಿ ಬರುವ 5 ಗಿಗಾಬಿಟ್ ವೇಗವನ್ನು ಪೆನ್ ಡ್ರೈವ್, ಹಾರ್ಡ್ ಡಿಸ್ಕ್, ಲ್ಯಾನ್, ಕಾರ್ಡ್ ರೀಡರ್ ಎಲ್ಲ ಹಂಚಿಕೊಳ್ಳಬೇಕು. ಎಷ್ಟೋ ಹಬ್‌ಗಳ ಎಸ್‌ಡಿ ಕಾರ್ಡಿನ ಜಾಗ ಒಳಗೆ ಹಳೆಯ, ನಿಧಾನದ ಯುಎಸ್‌ಬಿ 2.0ದ್ದೇ ಆಗಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಂಬಳ ಮುಗಿಸಿ ಬಂದ ಒಂದು 64 ಜಿಬಿ ಕಾರ್ಡು ತುಂಬಿದೆ ಅಂದುಕೊಳ್ಳಿ. ಲ್ಯಾಪ್‌ಟಾಪಿನ ಒಳ್ಳೆಯ ಸ್ಲಾಟಿನಲ್ಲಿ ಸೆಕೆಂಡಿಗೆ 90 ಎಂಬಿ ಲೆಕ್ಕದಲ್ಲಿ 12 ನಿಮಿಷ ಸಾಕು. 2.0 ರೀಡರಿನಲ್ಲಿ ಸೆಕೆಂಡಿಗೆ 35 ಎಂಬಿ ಬಂದರೆ ಅರ್ಧ ಗಂಟೆ. ಕಾರ್ಡು ಮೂರ್ನಾಲ್ಕು ಇದ್ದರೆ ಬೆಳಗಾಗುತ್ತದೆ.

ಇನ್ನೂ ಇದೆ. ಹಬ್ ತನಗಾಗಿ 10ರಿಂದ 15 ವ್ಯಾಟ್ ಇಟ್ಟುಕೊಳ್ಳುತ್ತದೆ, 65 ವ್ಯಾಟಿನ ಚಾರ್ಜರ್ ಹಾಕಿದರೂ ಲ್ಯಾಪ್‌ಟಾಪಿಗೆ ಸಿಗುವುದು 50ರ ಆಸುಪಾಸು. ಯುಎಸ್‌ಬಿ 3.0 ಹೊರಸೂಸುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಅಲೆಗೆ ತೊಂದರೆ ಕೊಡುತ್ತದೆ ಅಂತ ಇಂಟೆಲ್ 2012ರಲ್ಲೇ ವಿವರಿಸಿತ್ತು. ಹಬ್‌ನ ಕವಚ ಸರಿ ಇಲ್ಲದಿದ್ದರೆ ವೈಫೈ ನಿಧಾನ ಆಗುವುದು, ವಯರ್‌ಲೆಸ್ ಮೌಸ್ ಮಾತು ಕೇಳದಿರುವುದು ಅದರಿಂದಲೇ.

ಆಟದ ರಾತ್ರಿ ನಾನು ಆ ಹಬ್ ಕೈಗೆ ತೆಗೆದುಕೊಂಡಾಗ ಅದು ಸುಡುತ್ತಿತ್ತು. ಬೆರಳುದ್ದದ ಅಲ್ಯೂಮಿನಿಯಂ ಡಬ್ಬಿ, ಗೇಣುದ್ದದ ಬಾಲ. ಅದಕ್ಕೆ ನಾಲ್ಕು ಕಡೆಯಿಂದ ನಾಲ್ಕು ವಯರು. ದಪ್ಪನೆಯ ಕ್ಯಾಪ್ಚರ್ ಕೇಬಲಿನ ಭಾರಕ್ಕೆ ಡಬ್ಬಿ ಮೇಜಿನ ಅಂಚಿನಿಂದ ಕೆಳಗೆ ಜೋತುಬಿದ್ದಿತ್ತು. ಅಷ್ಟೂ ಭಾರ ಲ್ಯಾಪ್‌ಟಾಪಿನ ಆ ಒಂದು ಸಣ್ಣ ಟೈಪ್ ಸಿ ಪೋರ್ಟಿನ ಮೇಲೆ. ಟೈಪ್ ಸಿ ಪೋರ್ಟನ್ನು 10,000 ಸಲ ಹಾಕಿ ತೆಗೆಯಬಹುದು ಅನ್ನುವ ಲೆಕ್ಕದಲ್ಲಿ ಮಾಡುತ್ತಾರೆ, ಅದು ನಿಜ. ಆದರೆ ಅದು ನೆಟ್ಟಗೆ ಹಾಕಿ ತೆಗೆದರೆ. ಕೆಳಗೆ ಜಗ್ಗುತ್ತಾ ಇದ್ದರೆ ನಿಧಾನಕ್ಕೆ ಸಡಿಲವಾಗುತ್ತದೆ. ಪೋರ್ಟ್ ನೇರ ಮದರ್‌ಬೋರ್ಡಿಗೆ ಬೆಸುಗೆ ಹಾಕಿದ್ದಾದರೆ ರಿಪೇರಿಯ ಖರ್ಚು ಕೇಳುವುದೇ ಬೇಡ. ಮತ್ತೆ ನಮ್ಮ ಉಪ್ಪುಗಾಳಿ. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ ಕಡಲ ಹತ್ತಿರ ಮನೆ ಇರುವವರ ಕಿಟಕಿಯ ಸರಳು ಎರಡು ಮಳೆಗಾಲದಲ್ಲಿ ಹೇಗಾಗುತ್ತದೆ ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಹಕ್ಕೆ ಲೋಹ ತಾಗುವ ಜಾಗ ಜಾಸ್ತಿಯಾದಷ್ಟೂ ಕಿಲುಬು ಹಿಡಿಯುವ ಜಾಗ ಜಾಸ್ತಿ.

ಇದು ನನ್ನಂಥ ವಿಡಿಯೊದವರ ಕಷ್ಟ ಮಾತ್ರ ಅಂದುಕೊಳ್ಳಬೇಡಿ. ಕೊಡಿಯಾಲ್‌ಬೈಲಿನಲ್ಲಿ ನನ್ನ ಗೆಳೆಯನೊಬ್ಬ ಲೆಕ್ಕಪರಿಶೋಧಕ. ಅವನ ಡ್ರಾಯರ್ ತುಂಬ ಗಿರಾಕಿಗಳ ಡಿಜಿಟಲ್ ಸಹಿ ಇರುವ, ಪೆನ್ ಡ್ರೈವ್‌ನಂಥ ಟೋಕನ್‌ಗಳು. ಅವನಲ್ಲಿ ಇರುವ ಟೋಕನ್‌ಗಳು ಎಲ್ಲವೂ ದೊಡ್ಡ ಯುಎಸ್‌ಬಿಯವು. ಸೆಪ್ಟೆಂಬರ್ 30ರ ತೆರಿಗೆ ಆಡಿಟ್ ಗಡುವಿನ ವಾರದಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಟೋಕನ್ ಹಾಕಿ ತೆಗೆಯುತ್ತಾನೆ. ತೆಳು ಲ್ಯಾಪ್‌ಟಾಪ್ ತೆಗೆದುಕೊಂಡ ವರ್ಷ, ಅಷ್ಟುದ್ದದ ಅಡಾಪ್ಟರ್ ಸಂಜೆ ಹೊತ್ತಿಗೆ ಅಲ್ಲಾಡಲು ಶುರುವಾಗಿ, ಸಹಿ ಹಾಕುವ ಕ್ಷಣದಲ್ಲೇ ಟೋಕನ್ ಕಾಣಿಸುವುದಿಲ್ಲ ಅಂತ ಬರುತ್ತಿತ್ತಂತೆ. “ಪಿನ್ ನಂಬರ್ ತಪ್ಪಾಯ್ತಾ ಅಂತ ನೋಡುದು, ಟೋಕನ್ ಹಾಳಾಯ್ತಾ ಅಂತ ನೋಡುದು, ಕೊನೆಗೆ ನೋಡಿದ್ರೆ ಈ ನೂರು ರೂಪಾಯಿದ್ದು ಮಾರಾಯ” ಅಂತ ಅವನು ಹೇಳಿದ್ದು ನೆನಪಿದೆ. ಹಳೆಯ ದಪ್ಪ ಲ್ಯಾಪ್‌ಟಾಪನ್ನು ಸಹಿಗೆಂದೇ ಇಟ್ಟುಕೊಂಡಿದ್ದಾನೆ.

ಉಡುಪಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಅಕ್ಕನದು ಇನ್ನೊಂದು ಕತೆ. ಅಲ್ಲಿನ ಸಭಾಂಗಣದ ಪ್ರೊಜೆಕ್ಟರಿನಿಂದ ಇಳಿದು ಬರುವುದು ನೀಲಿ ತಲೆಯ ವಿಜಿಎ ಕೇಬಲ್. ವಿಜಿಎ ಬಂದದ್ದು 1987ರಲ್ಲಿ. 2015ರ ಹೊತ್ತಿಗೆ ಇದನ್ನು ಬಿಟ್ಟುಬಿಡುತ್ತೇವೆ ಅಂತ ಇಂಟೆಲ್, ಎಎಂಡಿ 2010ರ ಕೊನೆಗೇ ಹೇಳಿದ್ದವು. ಅವರು ಬಿಟ್ಟರು, ನಮ್ಮ ಸಭಾಂಗಣ ಬಿಟ್ಟಿಲ್ಲ. ಟೈಪ್ ಸಿಯಿಂದ ಎಚ್‌ಡಿಎಂಐಗೆ ಒಂದು, ಎಚ್‌ಡಿಎಂಐಯಿಂದ ವಿಜಿಎಗೆ ಇನ್ನೊಂದು, ಹೀಗೆ ಎರಡು ಅಡಾಪ್ಟರ್ ಸರಪಳಿ ಹಾಕಿ ಅವಳು ಪಾಠ ಶುರು ಮಾಡುವಾಗ ಐದು ನಿಮಿಷ ಹೋಗಿರುತ್ತದೆ.

ಈ ಎರಡು ಕಡೆಯೂ ನಡೆಯುವುದು ಒಂದೇ. ಲ್ಯಾಪ್‌ಟಾಪನ್ನು ನಾವು ನಾಲ್ಕೈದು ವರ್ಷಕ್ಕೆ ಬದಲಾಯಿಸುತ್ತೇವೆ. ಆದರೆ ಅದನ್ನು ಹೋಗಿ ಸಿಕ್ಕಿಸುವ ವಸ್ತುಗಳು, ಮಾಡಿಗೆ ತೂಗುಹಾಕಿದ ಪ್ರೊಜೆಕ್ಟರ್, ಮೈಕ್‌ನವರ ಮಿಕ್ಸರ್, ಆಫೀಸಿನ ಪ್ರಿಂಟರ್, ಹತ್ತು ಹದಿನೈದು ವರ್ಷ ಬಾಳುತ್ತವೆ. ಅವು ಬೇರೆಯವರ ಸ್ವತ್ತು, ನಾವು ಬದಲಾಯಿಸಲು ಆಗುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಮಾಡುವವರು ಮುಂದೆ ಓಡಿದಷ್ಟೂ ಆ ನಡುವಿನ ಅಂತರ ತುಂಬುವ ಕೆಲಸ ನಮ್ಮ ಮೇಲೆ ಬೀಳುತ್ತದೆ. ಇದನ್ನು ಕಂಪನಿಗಳು ಸಾರ್ವಜನಿಕವಾಗಿ ಒಪ್ಪಿಕೊಳ್ಳಬೇಕು, ಕನಿಷ್ಠ ಪಕ್ಷ ಒಂದು ಗಟ್ಟಿಮುಟ್ಟಾದ ಅಡಾಪ್ಟರನ್ನು ಡಬ್ಬಿಯೊಳಗೆ ಪುಕ್ಕಟೆ ಕೊಡಬೇಕು, ಪ್ರತಿ ಪೋರ್ಟಿನ ಪಕ್ಕ ಅದು ಏನು ಮಾಡುತ್ತದೆ ಅಂತ ಅಚ್ಚು ಹಾಕಬೇಕು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಎಲ್ಲರಿಗೂ ಎಲ್ಲ ಪೋರ್ಟ್ ಬೇಕಾಗಿಲ್ಲ, ಅದನ್ನೂ ಹೇಳಬೇಕು. ಮಣಿಪಾಲದಲ್ಲಿ ಓದುವ ನನ್ನ ಸೋದರಳಿಯ ಬ್ಯಾಗ್ ಹೊತ್ತು ದಿನವಿಡೀ ನಡೆಯುತ್ತಾನೆ, ಅವನ ಕೆಲಸ ವೈಫೈಯಲ್ಲೇ ಮುಗಿಯುತ್ತದೆ. ಅವನಿಗೆ ಎರಡು ಟೈಪ್ ಸಿ, ಒಂದು ಸಣ್ಣ ಅಡಾಪ್ಟರ್ ಸಾಕು. ಹಗುರ ಇರುವುದೇ ಅವನಿಗೆ ಲಾಭ. ಎರಡೂ ಬೇಕು ಅನ್ನುವವರಿಗೆ 2021ರಲ್ಲಿ ಅಮೆರಿಕದ ಫ್ರೇಮ್‌ವರ್ಕ್ ಕಂಪನಿ ಒಂದು ಚಂದದ ದಾರಿ ತೋರಿಸಿತು. ಲ್ಯಾಪ್‌ಟಾಪಿನ ಅಂಚಿನಲ್ಲಿ ಗೂಡುಗಳು, ಅದರೊಳಗೆ ಎಚ್‌ಡಿಎಂಐ, ದೊಡ್ಡ ಯುಎಸ್‌ಬಿ, ಕಾರ್ಡ್ ರೀಡರ್ ಹೀಗೆ ಬೇಕಾದ ತುಂಡನ್ನು ನೀವೇ ತಳ್ಳಿ ಕೂರಿಸುವುದು. ಒಳಗೆ ಅದೂ ಟೈಪ್ ಸಿ ಅಡಾಪ್ಟರೇ, ಆದರೆ ಜೋತುಬೀಳುವುದಿಲ್ಲ, ಕಳೆದುಹೋಗುವುದಿಲ್ಲ, ಸಡಿಲವಾದರೆ ತುಂಡು ಬದಲಾಯಿಸಿದರಾಯಿತು. ಉಳಿದ ಕಂಪನಿಗಳು ಇದನ್ನು ಯಾಕೆ ಮಾಡಬಾರದು ಅಂತ ನನಗೆ ಅರ್ಥವಾಗುವುದಿಲ್ಲ.

ನಾನು ನನಗೆ ಹಾಕಿಕೊಂಡ ಲೆಕ್ಕ ಹೀಗೆ. ಬೇರೆಯವರ ಎದುರು, ನಿಲ್ಲಿಸಲು ಆಗದ ಕೆಲಸಕ್ಕೆ ಯಾವುದನ್ನು ಸಿಕ್ಕಿಸುತ್ತೇನೋ ಅದರ ಪೋರ್ಟ್ ಲ್ಯಾಪ್‌ಟಾಪಿನ ಮೈಯಲ್ಲೇ ಇರಬೇಕು. ನನಗೆ ಅದು ಎರಡು ದೊಡ್ಡ ಯುಎಸ್‌ಬಿ, ಒಂದು ಎಚ್‌ಡಿಎಂಐ, ಒಂದು ಲ್ಯಾನ್. ಗೆಳೆಯನಿಗಾದರೆ ಒಂದು ದೊಡ್ಡ ಯುಎಸ್‌ಬಿ ಸಾಕು. ಉಳಿದದ್ದಕ್ಕೆ ಹಬ್ ಇರಲಿ, ತೊಂದರೆ ಇಲ್ಲ. ಚಾರ್ಜರನ್ನು ಮಾತ್ರ ಹಬ್‌ಗೆ ಹಾಕುವುದನ್ನು ಬಿಟ್ಟೇಬಿಟ್ಟೆ, ನೇರ ಲ್ಯಾಪ್‌ಟಾಪಿಗೇ. ಹಬ್ಬನ್ನು ಮೇಜಿಗೆ ಟೇಪ್ ಹಾಕಿ ಅಂಟಿಸುತ್ತೇನೆ.

ಅಂಗಡಿಗೆ ಹೋಗುವಾಗ ನಿಮ್ಮ ಪೆನ್ ಡ್ರೈವ್, ನಿಮ್ಮ ಎಚ್‌ಡಿಎಂಐ ಕೇಬಲ್ ಕೈಯಲ್ಲಿರಲಿ. ಟೈಪ್ ಸಿ ಪಕ್ಕ ಮಿಂಚಿನ ಗುರುತು ಇದ್ದರೆ ಅದು ಥಂಡರ್‌ಬೋಲ್ಟ್, ಅಂದರೆ ಇದೇ ಆಕಾರದ ಹೆಚ್ಚು ವೇಗದ ಪೋರ್ಟ್, ಅದರಲ್ಲಿ ಚಿತ್ರ ಬರುತ್ತದೆ. ಇಂಗ್ಲಿಷಿನ ಡಿ ಒಳಗೆ ಪಿ ಸೇರಿದ ಗುರುತು ಇದ್ದರೂ ಚಿತ್ರ ಬರುತ್ತದೆ. ಗುರುತು ಇಲ್ಲದಿದ್ದರೆ ಟಿವಿಗೆ ಹಾಕಿ ತೋರಿಸಲು ಹೇಳಿ, ನಾಚಿಕೊಳ್ಳಬೇಡಿ. ಹಬ್ ಕೊಳ್ಳುವುದಾದರೆ ಇನ್ನೊಂದು ಪರೀಕ್ಷೆ ಇದೆ. ಕಳೆದ ತಿಂಗಳು ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ನಾನು ಅದನ್ನೇ ಮಾಡಿದೆ. ಹಬ್‌ಗೆ ಚಾರ್ಜರ್ ಹಾಕಿಸಿ, ಪೆನ್ ಡ್ರೈವ್ ಹಾಕಿ, ಒಂದು ದೊಡ್ಡ ಫೈಲು ಕಾಪಿಗೆ ಬಿಟ್ಟೆ. ಅರ್ಧ ಆಗುವಾಗ ಅಂಗಡಿಯ ಹುಡುಗನಿಗೆ, “ತಮ್ಮಾ, ಆ ಸ್ವಿಚ್ ಒಮ್ಮೆ ಆಫ್ ಮಾಡು” ಅಂದೆ. ಮೊದಲ ಎರಡು ಹಬ್‌ಗಳಲ್ಲಿ ಕಾಪಿ ಅಲ್ಲೇ ನಿಂತಿತು. ಮೂರನೆಯದರಲ್ಲಿ ಹಸಿರು ಪಟ್ಟಿ ನಿಲ್ಲದೆ ಮುಂದೆ ಹೋಯಿತು. ಅದನ್ನು ತೆಗೆದುಕೊಂಡು ಬಂದೆ.